ಅಂಗಳ ದಾಟದ ಪ್ರಸಾದ

ಆಗ ನನಗೆ ಅರವತ್ತೊಂದು ವರ್ಷ. ಅದಾಗಿ ಈಗ ಒಂಬತ್ತು ವರ್ಷ ಕಳೆಯಿತು. ಅಲ್ಲಿಯವರೆಗೆ ನಾನು ಒಂದು ತೊಟ್ಟು ಕುಡಿದವಳಲ್ಲ, ಕುಡಿಸಿದವಳು. ಕಾಪುವಿನಲ್ಲಿ ಲೈಟ್‌ಹೌಸಿಗೆ ಹೋಗುವ ರಸ್ತೆಯಿಂದ ಒಳಗೆ ತಿರುಗಿದರೆ ಒಂದು ಓಣಿ ಇದೆ. ಅದರ ಕೊನೆಯಲ್ಲಿ ನಮ್ಮ ಬಾರ್. ಬಾರ್ ಎಂದರೆ ದೊಡ್ಡದೇನಲ್ಲ. ಹಂಚಿನ ಮಾಡು, ಎಂಟು ಮೇಜು, ಹಿಂದೆ ಅಡುಗೆಮನೆ, ಅದರ ಹಿಂದೆ ಅಂಗಳ. ಗಂಡ ಇದ್ದಾಗ ನಾನು ಮೀನು ಕಾಯಿಸುತ್ತಿದ್ದೆ. ಅವರು ಹೋದ ಮೇಲೆ ಗಲ್ಲಾದ ಹಿಂದೆ ಕೂತೆ. ಹೆಂಗಸು ಕೂತಿದ್ದಾಳೆಂದು ಮೊದಮೊದಲು ಗಂಡಸರು ತಲೆ ತಗ್ಗಿಸಿಕೊಂಡು ಕೇಳುತ್ತಿದ್ದರು. ಆಮೇಲೆ ಅಭ್ಯಾಸವಾಯಿತು.

ನಾನು ಶಾಲೆಗೆ ಹೋದದ್ದು ಎರಡು ಮಳೆಗಾಲ. ಕನ್ನಡವನ್ನು ಕೂಡಿಸಿ ಕೂಡಿಸಿ ಓದುತ್ತೇನೆ. ಬಾಟಲಿಯ ಮೇಲೆ ಇರುವುದು ಇಂಗ್ಲಿಷು. ಹಾಗಾಗಿ ಮುಚ್ಚಳದ ಬಣ್ಣ ನೋಡಿ ಕೊಡುತ್ತೇನೆ. ಕಂಪನಿಯವರು ಮುಚ್ಚಳ ಬದಲಾಯಿಸಿದ ವಾರ ಮಾತ್ರ ಜಗಳ. ನನ್ನ ತವರು ಕಾರ್ಕಳದ ಕಡೆ. ತಂದೆ ತಾಳೆಮರದಿಂದ ಕಳ್ಳು ಇಳಿಸುತ್ತಿದ್ದರು. ಹುಟ್ಟಿದ್ದು ಆ ವಾಸನೆಯಲ್ಲಿ, ಮದುವೆಯಾಗಿ ಬಂದದ್ದು ಈ ವಾಸನೆಗೆ. ಕುಡಿಯದೆ ಇದ್ದದ್ದು ಅದಕ್ಕೇ. ದೊಡ್ಡ ಗುಣದಿಂದ ಅಲ್ಲ, ಮೂಗಿಗೆ ಸಾಕಾಗಿತ್ತು.

ದೀಪಾವಳಿಯಿಂದ ಮೇ ತಿಂಗಳವರೆಗೆ ನಮಗೆ ಹೊರಗಿನ ಜನ. ಮಣಿಪಾಲದಿಂದ ಸ್ಕೂಟರಿನಲ್ಲಿ ಕಾಲೇಜಿನ ಮಕ್ಕಳು ಬರುತ್ತಾರೆ. ಘಟ್ಟದ ಮೇಲಿನಿಂದ ವ್ಯಾನು ಮಾಡಿಕೊಂಡು ಬರುತ್ತಾರೆ. ಲೈಟ್‌ಹೌಸ್ ಹತ್ತಿ ಇಳಿದು, ಕಾಲಿಗೆಲ್ಲ ಮರಳು ಮಾಡಿಕೊಂಡು, ಹಸಿದು ಬರುತ್ತಾರೆ.

"ಆಂಟಿ, ಸೀ ವ್ಯೂ ಇದೆಯಾ?"

"ಸಮುದ್ರ ಅಲ್ಲೇ ಉಂಟು. ನೋಡಿ ಬನ್ನಿ. ಇಲ್ಲಿ ಬಂಗುಡೆ ಉಂಟು."

ಹುಡುಗಿಯರು ಬಂದರೆ ಫ್ಯಾನಿನ ಕೆಳಗಿನ ಮೇಜು ಕೊಡುತ್ತೇನೆ. ಊರಿನ ಗಂಡಸರು ಯಾರಾದರೂ ಕತ್ತು ತಿರುಗಿಸಿ ನೋಡಿದರೆ, "ಎಂತ, ನಿನ್ನ ಮನೆಯಲ್ಲಿ ಹೆಂಗಸರು ಇಲ್ಲವಾ?" ಎಂದು ಇಲ್ಲಿಂದಲೇ ಕೇಳುತ್ತೇನೆ. ಕತ್ತು ಸರಿಯಾಗುತ್ತದೆ. ಯಾರು ಬಂದರೂ ಕೂರಿಸುವುದು ನಮ್ಮ ಬಾರಿನ ರೀತಿ. ಕುಡಿಯದವರೂ ಕೂರಬಹುದು, ಮಳೆಗೆ ನಿಂತವರೂ ಕೂರಬಹುದು. ಎಬ್ಬಿಸಿ ಕಳಿಸುವುದು ವಾಂತಿ ಮಾಡಿದವನನ್ನು ಮಾತ್ರ. ಅದೂ ಅವನೇ ಒರೆಸಿದ ಮೇಲೆ.

ಮಳೆ ಹಿಡಿದ ಮೇಲೆ ಹೊರಗಿನವರು ಇಲ್ಲ. ಸಮುದ್ರಕ್ಕೆ ಇಳಿಯಬಾರದೆಂದು ಹಗ್ಗ ಕಟ್ಟುತ್ತಾರೆ. ದೊಡ್ಡ ಬೋಟುಗಳಿಗೂ ಎರಡು ತಿಂಗಳು ರಜೆ. ಆಗ ಬಾರ್ ಊರಿನವರದು. ಮಲ್ಪೆಯ ಬೋಟುಗಳಲ್ಲಿ ದುಡಿಯುವ ನಮ್ಮ ಓಣಿಯ ಗಂಡಸರು ಮನೆಯಲ್ಲಿ ಕೂರಲಾರದೆ ಬಂದು ಕೂರುತ್ತಾರೆ. ಅವರ ಜೊತೆ ಕಲ್ಯಾಣಪುರದಿಂದ ಬಂದು ಇಲ್ಲಿ ಬೇಕರಿ ಹಾಕಿದ ಒಬ್ಬರು ಕ್ರಿಶ್ಚಿಯನ್ ಮುದುಕರು. ಮತ್ತೆ ದುಬಾಯಿಯಲ್ಲಿ ಇಪ್ಪತ್ತು ವರ್ಷ ಕ್ರೇನ್ ಓಡಿಸಿ ವಾಪಸು ಬಂದ ಒಬ್ಬ. ಅವನಿಗೆ ಗೊತ್ತಿಲ್ಲದ ವಿಷಯ ಇಲ್ಲ. ನಾವೆಲ್ಲ ಮಾತಾಡುವುದು ತುಳುವಿನಲ್ಲಿ, ಬೇಕರಿಯವರು ಕೂಡ. ನಿಮಗೆ ಕನ್ನಡದಲ್ಲಿ ಹೇಳುತ್ತಿದ್ದೇನೆ.

ನಾನು ಹೇಳಹೊರಟದ್ದು ಒಬ್ಬ ತಾಂಡೇಲನ ವಿಷಯ. ಬೋಟಿನ ಚುಕ್ಕಾಣಿ ಹಿಡಿಯುವವನನ್ನು ನಮ್ಮಲ್ಲಿ ತಾಂಡೇಲ ಎನ್ನುತ್ತೇವೆ. ಅವನ ಮನೆ ನಮ್ಮ ಹಿತ್ತಲಿಗೆ ತಾಗಿಕೊಂಡೇ ಇದೆ. ಗೋಡೆಗೆ ಒರಗಿದ ಮೂಲೆಯ ಕುರ್ಚಿ ಅವನದು, ಬೇರೆಯವರು ಕೂರುವುದಿಲ್ಲ. ಕೆಲಸ ಗೊತ್ತಿದ್ದವನು. ಕುಡಿಯುವುದೂ ಹಾಗೇ ಗೊತ್ತಿತ್ತು. ಆ ವರ್ಷ ಮೇ ತಿಂಗಳಲ್ಲಿ ಕುಡಿದುಕೊಂಡೇ ಬೋಟು ತಂದು, ಹೊಳೆ ಸಮುದ್ರಕ್ಕೆ ಸೇರುವ ಅಳಿವೆಯಲ್ಲಿ ಮರಳಿನ ದಿಣ್ಣೆಗೆ ಹತ್ತಿಸಿಬಿಟ್ಟ. ಯಾರೂ ಸಾಯಲಿಲ್ಲ. ಬೋಟಿನ ಯಜಮಾನರು ಬಂದರಿನಲ್ಲಿ ಎಲ್ಲರ ಎದುರು ಹೇಳಿದರು: "ಮಳೆ ಕಳೆದು ಹೊರಡುವ ದಿನ ನಾನೇ ಬಂದು ನಿನ್ನ ಬಾಯಿ ಮೂಸಿ ನೋಡುವವ. ವಾಸನೆ ಉಂಟಾ, ಚುಕ್ಕಾಣಿ ಬೇರೆಯವನಿಗೆ." ಅಳಿವೆಯಲ್ಲಿ ಬೋಟು ಹತ್ತಿಸಿದವನನ್ನು ಮತ್ತೊಬ್ಬ ಯಜಮಾನ ಕರೆಯುವುದಿಲ್ಲ. ಇವನಿಗೆ ಬೇರೆ ಕೆಲಸ ಬರುವುದಿಲ್ಲ.

ಅವನ ಹೆಂಡತಿ ಮೀನು ಮಾರುವವಳು. ಅವಳಿಗೆ ಅಳು ಬರುವುದು ಕಡಿಮೆ. ಮಾರನೆಯ ವಾರವೇ ಅವನನ್ನು ಕರೆದುಕೊಂಡು ನಮ್ಮ ಹಿಂದಿನ ಅಂಗಳಕ್ಕೆ ಬಂದಳು. ಅಲ್ಲಿ ಕಾಸರಕನ ಮರದ ಬುಡದಲ್ಲಿ ದೈವದ ಕಲ್ಲು ಇದೆ. ನಾವು ಬಾರ್ ಕಟ್ಟುವ ಎಷ್ಟೋ ಮೊದಲಿನದು. ಓಣಿಯವರೆಲ್ಲ ಅದಕ್ಕೆ ನಡೆದುಕೊಳ್ಳುತ್ತಾರೆ. ದನ ತಪ್ಪಿಸಿಕೊಂಡರೂ ಅಲ್ಲಿಗೆ, ಜ್ವರ ಬಂದರೂ ಅಲ್ಲಿಗೆ. ಕಲ್ಲಿಗೆ ದೀಪ ಇಡುವ ಹಕ್ಕು ನನ್ನ ಗಂಡನ ಅಣ್ಣನದು, ನನಗೆ ಬಾವ. ಅವರ ಎದುರು, ಕಲ್ಲಿನ ಮುಂದೆ ತೆಂಗಿನಕಾಯಿ ಮುಟ್ಟಿ, ಇನ್ನು ಬಾಯಿಗೆ ಹಾಕುವುದಿಲ್ಲ ಎಂದು ತಾಂಡೇಲ ಆಣೆ ಹಾಕಿದ. ಅಡುಗೆಮನೆಯ ಕಿಟಕಿಯಲ್ಲಿ ನಾನು ಬಂಗುಡೆಗೆ ಮಸಾಲೆ ಹಚ್ಚುತ್ತಾ ನೋಡಿದೆ.

ಆಣೆ ಹಾಕಿದ ಸಂಜೆ ಅವನು ಬಂದು ತನ್ನ ಕುರ್ಚಿಯಲ್ಲೇ ಕೂತ.

"ಎಂತ?" ಎಂದೆ.

"ಎಂತ ಇಲ್ಲ ಅಕ್ಕ. ಮನೆಯಲ್ಲಿ ಕೂತರೆ ಕುಡಿಯುವ ನೆನಪಾಗ್ತದೆ. ಇಲ್ಲಿ ಕೂತು ಇವರ ಮುಖ ನೋಡಿದರೆ ಬೇಡ ಅಂತ ಆಗ್ತದೆ."

ದುಬಾಯಿಯವನಿಗೆ ಸಿಟ್ಟು ಬಂತು. ನಾನು ಪುನರ್ಪುಳಿ ಹಣ್ಣಿನ ಒಣ ಸಿಪ್ಪೆ ನೆನೆಸಿ, ಸಕ್ಕರೆ ಹಾಕಿ, ಒಂದು ಗ್ಲಾಸು ಮಾಡಿ ಕೊಟ್ಟೆ. ಕೆಂಪಗೆ, ಬಾರಿನ ಗ್ಲಾಸಿಗೆ ಸರಿಯಾಗಿ ಕಾಣುತ್ತದೆ. ಅಂದಿನಿಂದ ಅದೇ ಕ್ರಮವಾಯಿತು.

ಮರುದಿನ ಅವನ ಹೆಂಡತಿ ಮೀನಿನ ಬುಟ್ಟಿಯ ಸಮೇತ ಬಾಗಿಲಲ್ಲಿ ನಿಂತಳು. "ಅಕ್ಕ, ಇವರನ್ನು ಒಳಗೆ ಬಿಡಬೇಡಿ. ಕೈ ಮುಗಿತೇನೆ."

"ಬಂದವರನ್ನು ಹೊರಗೆ ಹಾಕುವ ಕ್ರಮ ಇಲ್ಲಿ ಇಲ್ಲ. ಸಂಶಯ ಇದ್ದರೆ ಗ್ಲಾಸು ಮೂಸು."

ಅವಳು ಮೂಸಲಿಲ್ಲ, ಗಂಡನ ಮುಂದಿದ್ದ ಗ್ಲಾಸು ಎತ್ತಿ ಅರ್ಧ ಕುಡಿದೇ ನೋಡಿದಳು. ಆಮೇಲೆ ದಿನಾ ಸಂಜೆ ವ್ಯಾಪಾರ ಮುಗಿಸಿ ಹೋಗುವಾಗ ಬಂದು, ಗಂಡನ ಗ್ಲಾಸಿನಿಂದ ಒಂದು ಗುಟುಕು ಕುಡಿದು, ಬಾಯಿ ಒರೆಸಿಕೊಂಡು ಹೋಗುವಳು. ಜೂನಿನಲ್ಲಿ ದಾರಿ ತಪ್ಪಿ ಬಂದ ಹಾಗೆ ಒಂದು ಜೋಡಿ ಬಂದಿತ್ತು, ಬೆಂಗಳೂರಿನವರು. ಇದನ್ನು ನೋಡಿ ಆ ಹುಡುಗಿ, "ನಮಗೂ ಆ ಕೆಂಪು ಡ್ರಿಂಕ್ ಬೇಕು, ಯಾವ ಬ್ರ್ಯಾಂಡ್ ಅದು?" ಎಂದು ಕೇಳಿದಳು.

ತಾಂಡೇಲ ಹೇಳಿದ: "ಅದು ನಿಮಗೆ ಸಿಗುವುದಿಲ್ಲ. ಅದು ಹೆಂಡತಿಗೆ ಹೆದರುವವರಿಗೆ ಮಾತ್ರ."

ಆ ಹುಡುಗ, "ಹಾಗಾದರೆ ನನಗೆ ಎರಡು" ಎಂದ. ಕೊಟ್ಟೆ.

ಹೀಗೆ ರಜೆಯ ಎರಡು ತಿಂಗಳು ಕಳೆಯಿತು. ಮೊದಲ ವಾರ ಅವನ ಕೈ ನಡುಗುತ್ತಿತ್ತು, ಗ್ಲಾಸನ್ನು ಎರಡು ಕೈಯಲ್ಲಿ ಹಿಡಿಯುತ್ತಿದ್ದ. ಆಮೇಲೆ ಒಂದೇ ಕೈಯಲ್ಲಿ ಹಿಡಿಯತೊಡಗಿದ. ಯಾರೂ ಅದರ ಬಗ್ಗೆ ಏನೂ ಹೇಳಲಿಲ್ಲ. ಹೇಳಿದರೆ ಹಾಳಾಗುತ್ತದೆ ಎಂದು ಕುಡುಕರಿಗೆ ಗೊತ್ತಿರುತ್ತದೆ.

ಬೋಟುಗಳು ಹೊರಡುವ ಹಿಂದಿನ ದಿನ ಪ್ರತಿ ವರ್ಷ ನಮ್ಮಲ್ಲಿ ಬಾರ್ ಬಂದ್. ಅಂದು ಹಿಂದಿನ ಅಂಗಳದಲ್ಲಿ ಅಗೆಲು. ಅಗೆಲು ಎಂದರೆ ದೈವಕ್ಕೆ ಬಡಿಸುವ ಊಟ. ಬಾಳೆಲೆಯಲ್ಲಿ ಕೋಳಿ, ರೊಟ್ಟಿ, ಪಕ್ಕದಲ್ಲಿ ಒಂದು ಬಾಟಲಿ ಬ್ರಾಂಡಿ. ಬಡಿಸಿ ಕೈ ಮುಗಿದ ಮೇಲೆ ಅದೇ ಪ್ರಸಾದ. ಇದಕ್ಕೆ ಕೆಲವು ಕಟ್ಟುಗಳಿವೆ. ಆ ಪ್ರಸಾದ ಅಂಗಳ ದಾಟಬಾರದು, ಅಲ್ಲೇ ಮುಗಿಯಬೇಕು. ಮೊದಲು ಮನೆಯವರಿಗೆ, ಆಮೇಲೆ ಹೊರಗಿನವರಿಗೆ. ಅಂಗಳದಲ್ಲಿ ನಿಂತು ಕೇಳಿದವರಿಗೆ ಇಲ್ಲ ಎನ್ನಬಾರದು. ಹೆಂಗಸರಿಗೆ ಊಟ ಮತ್ತು ಗಂಧ ಮಾತ್ರ, ಬಾಟಲಿಯದು ಇಲ್ಲ. ಇದನ್ನೆಲ್ಲ ಯಾರು ಮಾಡಿದರು ಎಂದು ಯಾರಿಗೂ ಗೊತ್ತಿಲ್ಲ. ಆದರೆ ಎಲ್ಲರಿಗೂ ಬಾಯಿಪಾಠ.

ಆ ಸಲವೂ ಹಾಗೇ. ಮಧ್ಯಾಹ್ನ ಕಳೆದು ಬಾವ ಬಡಿಸಿದರು. ಗಂಡಸರು ಸಾಲು ನಿಂತರು. ಬಾವ ಒಂದು ಚಮಚದಲ್ಲಿ ಒಬ್ಬೊಬ್ಬರ ಅಂಗೈಗೆ ಹೊಯ್ಯುತ್ತಾ ಬಂದರು. ಸಾಲಿನ ಕೊನೆಗೆ ತಾಂಡೇಲ ನಿಂತಿದ್ದ. ಬೆಳಗಾದರೆ ಸಮುದ್ರಕ್ಕೆ ಹೋಗುವವನು, ಅಗೆಲಿಗೆ ಬಾರದೆ ಇರುವ ಹಾಗಿಲ್ಲ. ಅವನ ಹೆಂಡತಿ ಪಡುಬಿದ್ರಿಯ ಮಾರ್ಕೆಟಿಗೆ ಹೋಗಿದ್ದಳು. ಅಂಗಳದಲ್ಲಿ ಇರಲಿಲ್ಲ.

ಅವನು ಕೈ ಹಿಂದೆ ಕಟ್ಟಿಕೊಂಡೇ ಇದ್ದ. "ಬೇಡ, ನನ್ನದು ಆಣೆ ಉಂಟಲ್ಲ."

"ಪ್ರಸಾದಕ್ಕೆ ಆಣೆ ಎಂತದ್ದು ಮಾರಾಯ?" ಎಂದ ದುಬಾಯಿಯವನು. "ಕುಡಿಯುವುದು ಬೇರೆ, ಪ್ರಸಾದ ಬೇರೆ. ನೀನು ಬಿಟ್ಟದ್ದು ಕುಡಿಯುವುದನ್ನು."

"ಹೌದಾ?" ಎಂದು ತಾಂಡೇಲ ಬೇಕರಿಯವರನ್ನು ನೋಡಿದ.

"ನನ್ನನ್ನು ಕೇಳಬೇಡ ಮಾರಾಯ. ನಮ್ಮ ಇಗರ್ಜಿಯಲ್ಲಿ ದ್ರಾಕ್ಷಿಯದ್ದು ಫಾದರೇ ಕುಡಿಯುವುದು. ನಮಗೆ ತೋರಿಸುವುದು ಮಾತ್ರ. ಅದರಲ್ಲಿ ಒಂದು ಬುದ್ಧಿ ಉಂಟು."

ಬಾವ ಚಮಚ ಹಿಡಿದುಕೊಂಡೇ ಇದ್ದರು. "ಆಣೆ ತೆಗೆದುಕೊಂಡದ್ದು ದೈವ. ಇದನ್ನು ಕೊಡುವುದೂ ದೈವ. ಎದುರು ನಿಂತು ಬೇಡ ಹೇಳ್ತಿಯಾ? ನಾಳೆ ಸಮುದ್ರಕ್ಕೆ ಹೋಗುವವ?"

ನಮ್ಮ ಕಡೆಯವರು ಮಾತ್ರ ಮಾಡುವ ತಪ್ಪು ಇದು. ಕುಡಿಯದ ಹಾಗೆ ನೋಡಿಕೊಳ್ಳಲು ದೈವ ಬೇಕು, ಅದೇ ದೈವಕ್ಕೆ ಬ್ರಾಂಡಿ ಬೇಕು, ಆ ಬ್ರಾಂಡಿಯನ್ನು ಆಣೆ ಹಾಕಿದವನ ಕೈಗೂ ಹೊಯ್ಯಬೇಕು. ಸಾಲಿನಲ್ಲಿದ್ದ ಯಾರಿಗೂ ಇದು ವಿಚಿತ್ರ ಎನಿಸಲಿಲ್ಲ. ನಿಜ ಹೇಳಬೇಕೆಂದರೆ, ಆ ಹೊತ್ತಿಗೆ ನನಗೂ ಅನಿಸಲಿಲ್ಲ.

ಅವನು ಅಂಗೈ ಒಡ್ಡಿದ. ಒಂದು ಚಮಚ. ಬಾಯಿಗೆ ಹಾಕಿಕೊಂಡ. ನಾನು ಅವನ ಗಂಟಲು ನೋಡುತ್ತಿದ್ದೆ. ಸ್ವಲ್ಪ ಹೊತ್ತು ನುಂಗಲಿಲ್ಲ, ಬಾಯಲ್ಲೇ ಇಟ್ಟುಕೊಂಡಿದ್ದ. ಆಮೇಲೆ ನುಂಗಿದ. ಅಂಗೈಯನ್ನು ನೆಕ್ಕಿದ. ಆಗ ನನಗೆ ಗೊತ್ತಾಯಿತು.

ಅಷ್ಟರಲ್ಲಿ ಮಳೆ ಬಂತು. ಎಲೆಯ ಪ್ರಸಾದ ಅಂಗಳದಲ್ಲೇ ಮುಗಿದಿತ್ತು; ಎಲ್ಲರೂ ಬಾರಿನ ಒಳಗೆ ಓಡಿ, ಅಡುಗೆಮನೆಯಲ್ಲಿ ಬೇರೆಯೇ ಮಾಡಿಟ್ಟಿದ್ದ ಊಟಕ್ಕೆ ಕೂತರು. ಬಾಟಲಿಯಲ್ಲಿ ಇನ್ನೂ ಕಾಲು ಭಾಗ ಇತ್ತು, ಕಲ್ಲಿನ ಹತ್ತಿರವೇ. ಊಟವಾದ ಮೇಲೆ ಅದನ್ನು ಮುಗಿಸುವುದು ರೂಢಿ. ನಾನು ಕೋಳಿ ಬಡಿಸುತ್ತಿದ್ದೆ. ತಾಂಡೇಲ ಊಟ ಮುಟ್ಟದೆ ಅಡುಗೆಮನೆಯ ಬಾಗಿಲಿಗೆ ಬಂದ.

"ಅಕ್ಕ, ಪ್ರಸಾದ ಇನ್ನು ಉಂಟಾ?"

"ನಿನಗೆ ಕೊಟ್ಟಾಯಿತು."

"ಸ್ವಲ್ಪ. ಒಂದು ಚಮಚ. ಪ್ರಸಾದ ಅಲ್ವಾ?"

"ಇದು ಅಂಗಳ ಅಲ್ಲ, ಬಾರು. ಇಲ್ಲಿ ಅದು ಪ್ರಸಾದ ಅಲ್ಲ, ಬ್ರಾಂಡಿ. ಬ್ರಾಂಡಿ ನಿನಗೆ ನಾನು ಕೊಡುವುದಿಲ್ಲ."

ನಾನು ಅಂದುಕೊಂಡೆ, ಮುಗಿಯಿತು ಎಂದು. ಅವನು ಹೋಗಿ ತನ್ನ ಮೂಲೆಯ ಕುರ್ಚಿಯನ್ನು ಎತ್ತಿಕೊಂಡ. ಎಲ್ಲರೂ ಊಟ ಬಿಟ್ಟು ನೋಡುತ್ತಿದ್ದಾರೆ. ಆ ಕುರ್ಚಿಯನ್ನು ಹೊತ್ತು, ನನ್ನ ಪಕ್ಕದಲ್ಲೇ ಹಾದು, ಅಡುಗೆಮನೆ ದಾಟಿ ಅಂಗಳಕ್ಕೆ ಹೋದ. ಮರದ ಕೆಳಗೆ ಹಾಕಿ ಕೂತ. ಮಳೆ ನಿಂತಿತ್ತು, ಎಲೆಯ ನೀರು ತಲೆಗೆ ಬೀಳುತ್ತಿತ್ತು. ಕೈ ಒಡ್ಡಿ ಹೇಳಿದ:

"ಈಗ ಅಂಗಳದಲ್ಲಿ ಇದ್ದೇನೆ. ಈಗ ಕೊಡಿ."

ಒಳಗೆ ಎಲ್ಲರೂ ನಕ್ಕರು. ಅವನು ನಗಲಿಲ್ಲ. ಆ ಕೈ ಮತ್ತೆ ನಡುಗುತ್ತಿತ್ತು.

ಬಾವ ಕೈ ತೊಳೆದು ಹೊರಗೆ ಬಂದರು. ಕಲ್ಲಿನ ಹತ್ತಿರ ಹೋಗಿ ಬಾಟಲಿ ಎತ್ತಿದರು.

"ಬಾವ, ಕೊಡಬೇಡಿ" ಎಂದೆ. "ಇವನು ಒಂದು ಚಮಚಕ್ಕೆ ನಿಲ್ಲುವವನಲ್ಲ. ಬೆಳಿಗ್ಗೆ ಯಜಮಾನರು ಮೂಸ್ತಾರೆ."

"ನಾನು ಎಂತ ಮಾಡುವುದು ಮಾರಾಯ್ತಿ? ಅಂಗಳದಲ್ಲಿ ಕೇಳಿದವರಿಗೆ ಇಲ್ಲ ಹೇಳುವ ಹಾಗಿಲ್ಲ. ನಿನಗೂ ಗೊತ್ತುಂಟು."

ಕಿಟಕಿಯಿಂದ ದುಬಾಯಿಯವನು, "ಕೊಡಿ, ಕೊಡಿ. ನಾಳೆ ಹೋಗುವವ ಪಾಪ" ಎಂದ. ಅವನಿಗೆ ಪಾಪ ಎನ್ನುವುದು ಸುಲಭ, ಅವನ ಬಾಯಿ ಯಾರೂ ಮೂಸುವುದಿಲ್ಲ.

ನಾನು ಆಗ ಯೋಚನೆ ಮಾಡಿದ್ದು ಹೆಚ್ಚೇನಿಲ್ಲ. ಅಡುಗೆಮನೆಯಿಂದ ಸ್ಟೀಲಿನ ಚೊಂಬು ತಂದೆ. ಕುರ್ಚಿಗೂ ಬಾವನಿಗೂ ನಡುವೆ ನಿಂತು ಚೊಂಬು ಒಡ್ಡಿದೆ.

"ನನಗೆ ಕೊಡಿ."

"ನಿನಗೆ ಎಂತಕ್ಕೆ? ಹೆಂಗಸರಿಗೆ ಕೊಡುವ ಕ್ರಮ ಇಲ್ಲ."

"ಕೇಳಿದವರಿಗೆ ಇಲ್ಲ ಹೇಳುವ ಹಾಗಿಲ್ಲ ಅಂತ ಈಗ ಹೇಳಿದ್ದು ಯಾರು? ನಾನು ಅಂಗಳದಲ್ಲಿ ಇದ್ದೇನಾ ಇಲ್ಲವಾ?"

ಬಾವ ಬಗ್ಗಿ ಕಲ್ಲಿನ ಹತ್ತಿರದ ಚಮಚ ಎತ್ತಿಕೊಂಡರು. ನಾನು ಬಿಡಲಿಲ್ಲ.

"ಮತ್ತೆ, ಮೊದಲು ಮನೆಯವರಿಗೆ. ಇವನು ಹೊರಗಿನವ. ಆಮೇಲೆ ಇವನಿಗೆ."

"ಮಾರಾಯ್ತಿ, ನೀನು ಯಾವತ್ತಾದರೂ ಕುಡಿದದ್ದುಂಟಾ?"

"ಇದು ಕುಡಿಯುವುದಾ? ಪ್ರಸಾದ ಅಲ್ವಾ?"

ಕಿಟಕಿಯಲ್ಲಿ ಬೇಕರಿಯವರು ಕೆಮ್ಮಿದರು. ಬಾವ ಒಂದು ಚಮಚ ಹೊಯ್ದರು. ನಾನು ಚೊಂಬು ಹಿಂದೆ ತೆಗೆಯಲಿಲ್ಲ. ಇನ್ನೊಂದು ಚಮಚ. ಆಮೇಲೆ ನಾನೇ ಅವರ ಕೈಯಿಂದ ಬಾಟಲಿ ತೆಗೆದುಕೊಂಡು ಉಳಿದದ್ದನ್ನೆಲ್ಲ ಚೊಂಬಿಗೆ ಹೊಯ್ದೆ. ಎಷ್ಟು ಕೇಳಬಹುದು ಎಂಬ ಕಟ್ಟು ಎಲ್ಲೂ ಇಲ್ಲ. ಹಿರಿಯರು ಅದನ್ನು ಮಾಡಲು ಮರೆತಿದ್ದಾರೆ.

ತಾಂಡೇಲ ಕುರ್ಚಿಯಿಂದ ಎದ್ದ. "ಅಕ್ಕ, ನೀರು ಹಾಕಿಕೊಳ್ಳಿ. ಹಾಗೇ ಕುಡಿದರೆ ಎದೆ ಸುಡ್ತದೆ."

ನಾನು ಹಾಗೇ ಕುಡಿದೆ. ಜ್ವರದ ಕಷಾಯ ಕುಡಿಯುವ ಹಾಗೆ, ಮೂಗು ಹಿಡಿದುಕೊಂಡು. ಮೂರು ಸಲ ನಿಲ್ಲಿಸಬೇಕಾಯಿತು. ಅವನು ಹೇಳಿದ್ದು ಸರಿ, ಎದೆ ಸುಟ್ಟಿತು. ಇದನ್ನು ಕುಡಿಯಲು ಜನ ಘಟ್ಟ ಇಳಿದು ಬರುತ್ತಾರಲ್ಲ ಎಂದು ನನಗೆ ಆಶ್ಚರ್ಯವಾಯಿತು. ಖಾಲಿ ಚೊಂಬನ್ನು ಬೋರಲು ಮಾಡಿ ತೋರಿಸಿದೆ.

"ಮುಗಿಯಿತು. ಇನ್ನು ಬರುವ ವರ್ಷ."

ಅವನು ನನ್ನನ್ನು ನೋಡಿದ. ಬೈಯುತ್ತಾನೆ ಎಂದುಕೊಂಡೆ. ಬೈದರೆ ಬೈಯಲಿ. ಅವನು ಒಂದು ಮಾತು ಬೈದ, ಅದನ್ನು ಇಲ್ಲಿ ಹೇಳುವುದಿಲ್ಲ. ಆಮೇಲೆ ನನ್ನ ಕಾಲು ನಿಲ್ಲದೆ ನಾನು ಅವನ ಕುರ್ಚಿಯಲ್ಲೇ ಕೂತುಬಿಟ್ಟೆ. ಅವನು ಬಾವಿಯಿಂದ ಒಂದು ಕೊಡ ನೀರು ಸೇದಿ ತಂದು, ನನ್ನ ಕೈಗೆ ಹೊಯ್ದು, "ಮುಖ ತೊಳೆಯಿರಿ. ತಲೆ ಬಗ್ಗಿಸಬೇಡಿ. ದೂರದ ಒಂದು ವಸ್ತು ನೋಡ್ತಾ ಇರಿ, ಬೋಟಿನಲ್ಲಿ ಹೊಸಬರಿಗೆ ಹಾಗೇ ಹೇಳುವುದು" ಎಂದ. ನಾನು ಲೈಟ್‌ಹೌಸ್ ನೋಡಿದೆ. ಅದು ಎರಡು ಇತ್ತು.

ದೀಪ ಹಚ್ಚುವ ಹೊತ್ತಿಗೆ ಅವನ ಹೆಂಡತಿ ಬುಟ್ಟಿ ಹೊತ್ತು ಬಂದಳು. ಗಂಡ ನಿಂತಿದ್ದಾನೆ, ನಾನು ಅವನ ಕುರ್ಚಿಯಲ್ಲಿ ವಾಲಿಕೊಂಡಿದ್ದೇನೆ. ಅವಳಿಗೆ ಎಂತ ಅರ್ಥವಾಯಿತೋ, ಗಂಡನ ಬಾಯಿಯ ಹತ್ತಿರ ಮೂಗು ತಂದು ಮೂಸಿದಳು. ಮುಖ ಕಪ್ಪಾಯಿತು. ಅವನ ತೋಳು ಹಿಡಿದು ಎಳೆದುಕೊಂಡು ಹೋದಳು. ಒಂದು ಚಮಚದ ವಾಸನೆ ಬೆಳಗಿನವರೆಗೆ ಉಳಿಯುವುದಿಲ್ಲ ಎಂದು ಬೇಕರಿಯವರು ಹೇಳಿದರು. ಆದರೆ ಕಾಪುವಿನಿಂದ ಮಲ್ಪೆಗೆ ಹೋಗುವ ದಾರಿಯಲ್ಲಿ ಬಾರುಗಳು ನಮ್ಮದೊಂದೇ ಅಲ್ಲ.

ಬಾವ ನನ್ನ ಹತ್ತಿರ ಆರು ತಿಂಗಳು ಮಾತಾಡಲಿಲ್ಲ. ಮುಂದಿನ ವರ್ಷ ಅವರೇ ಬಾಟಲಿಯ ಪಕ್ಕದಲ್ಲಿ ಒಂದು ಎಳನೀರು ಕೂಡ ಇಟ್ಟರು. ಆಣೆ ಇದ್ದವರಿಗೆ ಅದು. ಯಾಕೆ ಎಂದು ಯಾರೂ ಕೇಳಲಿಲ್ಲ. ಈಗಿನವರು ಅದನ್ನೂ ಹಿಂದಿನಿಂದ ಬಂದದ್ದು ಎನ್ನುತ್ತಾರೆ. ಎಳನೀರಿನ ಸಾಲು ಈಗ ಬಾಟಲಿಯ ಸಾಲಿನಷ್ಟೇ ಉದ್ದ ಇದೆ. ಹೆಂಗಸರೂ ಅದರಲ್ಲಿ ನಿಲ್ಲುತ್ತಾರೆ.

ಆ ಅಗೆಲಿನ ಮರುದಿನ ಬೆಳಿಗ್ಗೆ ನನ್ನ ತಲೆಯೊಳಗೆ ಯಾರೋ ಕಲ್ಲು ಒಡೆಯುತ್ತಿದ್ದ ಹಾಗಿತ್ತು. ಬಾಗಿಲು ಬಡಿಯುವ ಸದ್ದಿಗೆ ಎದ್ದೆ. ತಾಂಡೇಲನ ಹೆಂಡತಿ. ಸೊಂಟದ ಮೇಲೆ ಕೈ ಇಟ್ಟುಕೊಂಡಿದ್ದಾಳೆ.

"ಅಕ್ಕ, ಸತ್ಯ ಹೇಳಿ. ಇವರಿಗೆ ಕುಡಿಸಿದ್ದು ನೀವಾ?"

"ಕೊಟ್ಟದ್ದು ಬಾವ. ಅವನು ಕುಡಿದದ್ದು ಒಂದು ಚಮಚ. ಬಾಕಿಯದ್ದೆಲ್ಲ ಕುಡಿದದ್ದು ನಾನು."

ಅವಳು ಹತ್ತಿರ ಬಂದು ನನ್ನ ಬಾಯಿ ಮೂಸಿದಳು. ಆಮೇಲೆ ಜಗಲಿಯಲ್ಲಿ ಕೂತು ಬುಟ್ಟಿ ಇಳಿಸಿದಳು.

"ಹೋದರು. ನಾನೇ ಮಲ್ಪೆಯವರೆಗೆ ಜೊತೆಗೆ ಹೋಗಿ ಬಂದೆ. ಯಜಮಾನರು ಮೂಸಿದರು. ಕೀ ಕೊಟ್ಟರು. ಬೋಟು ಅಳಿವೆ ದಾಟಿದ್ದನ್ನು ನೋಡಿಯೇ ಬಂದದ್ದು."

"ಸರಿಯಾಗಿ ದಾಟಿಸಿದನಾ?"

"ಸರಿಯಾಗಿಯೇ." ಅವಳು ಬುಟ್ಟಿಯಿಂದ ಬಂಗುಡೆ ತೆಗೆದು ನನ್ನ ಮುಂದೆ ಹಾಕಿದಳು. "ಅಕ್ಕ, ನಿಮ್ಮ ಮುಖ ನೋಡುವ ಹಾಗಿಲ್ಲ. ಒಂದು ಗ್ಲಾಸು ಪುನರ್ಪುಳಿ ಮಾಡಿ ಕುಡಿಯಿರಿ."

ಅವಳು ಹೋದ ಮೇಲೆ ನಾನು ಬಾವಿಕಟ್ಟೆಗೆ ಹೋಗಿ ವಾಂತಿ ಮಾಡಿದೆ. ನಾನೇ ನೀರು ಹೊಯ್ದು ತೊಳೆದೆ. ಮರದ ಕೆಳಗೆ ನೆನೆಯುತ್ತಿದ್ದ ಕುರ್ಚಿಯನ್ನು ಒರೆಸಿ ಒಳಗೆ ತಂದು ಮೂಲೆಯಲ್ಲಿ ಇಟ್ಟೆ. ಪುನರ್ಪುಳಿ ಮಾಡಿ ಕುಡಿದು, ಕತ್ತಿ ಹಿಡಿದು ಬಂಗುಡೆ ಕೊಯ್ಯಲು ಕೂತೆ.